ಶಟರಿಗೆ ಅಂಟಿಸುವ ಹಾಳೆ: ಎದುರಾಳಿ ಕಾಲೇಜುಗಳ ಬ್ಯಾಸ್ಕೆಟ್‌ಬಾಲ್ ಪಂದ್ಯಕ್ಕೆ ಮುನ್ನೋಟ ಬರೆಯುವುದು ಹೇಗೆ

ಬೆಳಗಾವಿಯ ಟಿಳಕವಾಡಿಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ರೈಲ್ವೆ ಗೇಟಿನ ಆಚೆ ಒಂದು ಕಾಲೇಜು, ಈಚೆ ಒಂದು ಕಾಲೇಜು. ಎರಡೂ ಕಡೆಯ ಮಕ್ಕಳು ನೋಟ್ಸ್ ಹಿಡಿದುಕೊಂಡು ನನ್ನ ಕೌಂಟರಿಗೇ ಬರುತ್ತಾರೆ. ಹೆಸರು ಬೇಡ. ಇಲ್ಲಿ ಅವರನ್ನು ಆಚೆಯವರು, ಈಚೆಯವರು ಎಂದೇ ಕರೆಯುತ್ತೇನೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಈ ಎರಡು ಕಾಲೇಜಿಗೆ ಹಳೆಯ ಜಿದ್ದು. ಅವರ ಪಂದ್ಯ ಬಂತು ಅಂದರೆ ಎಂಟು ದಿನ ಮೊದಲಿನಿಂದಲೇ ಅಂಗಡಿಯಲ್ಲಿ ಬೇರೆ ಮಾತೇ ಇರುವುದಿಲ್ಲ.

ನಾನೂ ಕಾಲೇಜಿನಲ್ಲಿ ಮೂರು ವರ್ಷ ಗಾರ್ಡ್ ಆಗಿ ಆಡಿದವಳು. ಆಮೇಲೆ ಸ್ಕೋರರ್ ಟೇಬಲ್ ಹತ್ತಿರ ಕೂತು ಸ್ಕೋರ್‌ಶೀಟ್ ಬರೆಯುವ ರೂಢಿ ಆಯಿತು. ಆರು ವರ್ಷದಿಂದ ಈ ಎರಡು ತಂಡಗಳು ಎದುರಾದಾಗಲೆಲ್ಲ, ಒಂದು ಹಾಳೆಯಲ್ಲಿ ಮುನ್ನೋಟ ಬರೆದು ಅಂಗಡಿಯ ಶಟರಿಗೆ ಅಂಟಿಸುತ್ತೇನೆ. ಈಗ ಒಂದಿಬ್ಬರು ವಿದ್ಯಾರ್ಥಿಗಳು "ಅಕ್ಕಾ, ನಮಗೂ ಇದನ್ನ ಬರಿಯೂದು ಕಲಿಸ್ರಿ" ಅಂತ ಕೇಳುತ್ತಿದ್ದಾರೆ. ಅವರಿಗಾಗಿ ಇದನ್ನು ಬರೆದಿದ್ದೇನೆ. ಬಾಗಲಕೋಟೆಯ ನವನಗರದಲ್ಲಿ, ವಿಜಯಪುರದಲ್ಲಿ ಕಾಲೇಜು ಪಂದ್ಯ ನೋಡುವವರಿಗೂ ಇದು ಹೊಂದುತ್ತದೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಯಾರು ಗೆಲ್ಲುತ್ತಾರೆ ಅಂತ ಚಹಾದ ಅಂಗಡಿಯಲ್ಲಿ ಎಲ್ಲರೂ ಹೇಳುತ್ತಾರೆ. ಅದಕ್ಕೆ ಹಾಳೆ ಯಾಕೆ ಬೇಕು? ಓದಿದವರು ಮರುದಿನ ಕೋರ್ಟಿನ ಪಕ್ಕ ನಿಂತಾಗ ಅವರ ಕಣ್ಣು ಎಲ್ಲಿಗೆ ಹೋಗಬೇಕು, ಅದನ್ನು ನಿಮ್ಮ ಹಾಳೆ ಹೇಳಬೇಕು. ಚೆಂಡಿನ ಹಿಂದೆಯೇ ಓಡುವ ಕಣ್ಣನ್ನು ಸ್ವಲ್ಪ ಆಚೀಚೆ ತಿರುಗಿಸಬೇಕು. ನಾನು ಬರೆಯುವುದು ಅದಕ್ಕೇ.

ಮೊದಲು ಕೋರ್ಟಿಗೆ ಹೋಗಿ, ಟೇಪ್ ತಗೊಂಡು ಹೋಗಿ

ತಂಡದ ಬಗ್ಗೆ ಯೋಚಿಸುವ ಮೊದಲು ಪಂದ್ಯ ನಡೆಯುವ ಜಾಗವನ್ನು ನೋಡಿ ಬನ್ನಿ. ನಮ್ಮ ಕಡೆ ಬಹಳಷ್ಟು ಕಾಲೇಜು ಪಂದ್ಯ ಬಯಲಲ್ಲೇ, ಸಿಮೆಂಟ್ ನೆಲದ ಮೇಲೇ ನಡೆಯುತ್ತವೆ. ಅಲ್ಲಿ ನೆಲ, ಗಾಳಿ, ಬಿಸಿಲು ಎಲ್ಲವೂ ಆಟ ಆಡುತ್ತವೆ.

ನಾನು ಮೊದಲು ಅಳೆಯುವುದು ಮೂರು ಪಾಯಿಂಟಿನ ಗೆರೆ, ಅದರ ಹೊರಗಿನಿಂದ ಹಾಕಿದ ಬುಟ್ಟಿಗೆ ಮೂರು ಪಾಯಿಂಟ್. ಫೀಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ) ನಿಯಮದ ಪ್ರಕಾರ ಅದು ಈಗ ರಿಂಗಿನ ನಡುವಿನಿಂದ 6.75 ಮೀಟರ್ ದೂರ ಇರಬೇಕು. 2010ರ ತನಕ ಅದು 6.25 ಮೀಟರ್ ಇತ್ತು. ಹಳೆಯ ಕೋರ್ಟುಗಳಿಗೆ ಬಣ್ಣ ಬಳಿಯುವವರು ಎಷ್ಟೋ ಸಲ ಹಳೆಯ ಗೆರೆಯ ಮೇಲೇ ಹೊಸ ಬಣ್ಣ ಎಳೆದು ಹೋಗಿರುತ್ತಾರೆ. ರಿಂಗಿನ ಕೆಳಗಿನ ಜಾಗ ನೋಡಿದರೂ ಗೊತ್ತಾಗುತ್ತದೆ. ಫ್ರೀ ಥ್ರೋ (ಫೌಲ್ ಆದಾಗ ಯಾರೂ ತಡೆಯದೆ ಎಸೆಯುವ ಎಸೆತ) ಗೆರೆಯಿಂದ ಹಿಂದಿನ ಗೆರೆಯ ಕಡೆಗೆ ಅಗಲವಾಗುತ್ತಾ ಹೋದರೆ ಅದು ಹಳೆಯ ಕೋರ್ಟು. ನೇರ ಆಯತ ಇದ್ದರೆ ಹೊಸದು. ಅರ್ಧ ಮೀಟರ್ ಅಂದರೆ ಚಿಕ್ಕದು ಅನ್ನಿಸುತ್ತದೆ ಅಲ್ವಾ? ದೂರದಿಂದ ಎಸೆಯುವ ಹುಡುಗನ ಕೈಗೆ ಅದು ಬಹಳ ದೊಡ್ಡದು. ಹೋದ ವರ್ಷ ಈಚೆಯವರ ಶೂಟರ್ ತನ್ನ ಕೋರ್ಟಿನಲ್ಲಿ ಹತ್ತು ಎಸೆದರೆ ನಾಲ್ಕು ಹಾಕುತ್ತಿದ್ದ. ಬೇರೆ ಕಡೆ ಹೋದರೆ ಚೆಂಡು ರಿಂಗಿನ ಮುಂದಿನ ಅಂಚಿಗೆ ಬಡಿದು ವಾಪಸ್ ಬರುತ್ತಿತ್ತು. ಎಲ್ಲರೂ ಅವನಿಗೆ ಭಯ ಅಂದರು. ನಾನು ಎರಡೂ ಕೋರ್ಟು ಅಳೆದೆ. ಅವನು ದಿನಾ ಅಭ್ಯಾಸ ಮಾಡುವ ಗೆರೆ 6.25 ಇತ್ತು. ಭಯದ ಮಾತೇ ಇರಲಿಲ್ಲ.

ಆಮೇಲೆ ರಿಂಗ್. ನೆಲದಿಂದ 3.05 ಮೀಟರ್ ಎತ್ತರ, ಅಡ್ಡ 45 ಸೆಂಟಿಮೀಟರ್ ಇರಬೇಕು. ಹುಡುಗರು ಜೋತು ಬಿದ್ದು ಜೋತು ಬಿದ್ದು ಬಯಲಿನ ರಿಂಗುಗಳು ಮುಂದಕ್ಕೆ ಬಾಗಿರುತ್ತವೆ. ಬಾಗಿದ ರಿಂಗಿನಲ್ಲಿ ಬೋರ್ಡಿಗೆ ಬಡಿಸಿ ಹಾಕುವ ಲೇಅಪ್‌ನ ಲೆಕ್ಕ ತಪ್ಪುತ್ತದೆ. ಯಾವ ಕಡೆಯ ರಿಂಗ್ ಬಾಗಿದೆ ಅಂತ ಬರೆದಿಟ್ಟುಕೊಳ್ಳಿ. ಎರಡನೇ ಅರ್ಧದಲ್ಲಿ ತಂಡಗಳು ಬುಟ್ಟಿ ಬದಲಾಯಿಸುತ್ತವೆ. ಹಾಗಾಗಿ ಕೊನೆಯ ಎರಡು ಕ್ವಾರ್ಟರ್‌ನಲ್ಲಿ ಆ ರಿಂಗ್ ಯಾರ ಪಾಲಿಗೆ ಬರುತ್ತದೆ ಅನ್ನೋದು ಮುಖ್ಯ.

ಬಿಸಿಲಿಗೂ ಇದೇ ಲೆಕ್ಕ. ಕೋರ್ಟು ಪೂರ್ವ ಪಶ್ಚಿಮವಾಗಿ ಇದ್ದು, ಪಂದ್ಯ ನಾಲ್ಕು ಗಂಟೆಗೆ ಶುರುವಾದರೆ ಮೂರನೇ ಕ್ವಾರ್ಟರ್ ಹೊತ್ತಿಗೆ ಪಶ್ಚಿಮಕ್ಕೆ ಮುಖ ಮಾಡಿ ಎಸೆಯುವವರ ಕಣ್ಣಿಗೆ ಸೂರ್ಯ ನೇರ ಹೊಡೆಯುತ್ತಾನೆ. ಪಂದ್ಯದ ಹಿಂದಿನ ದಿನ ಅದೇ ಹೊತ್ತಿಗೆ ಅಲ್ಲಿ ಹೋಗಿ ನಿಲ್ಲಿ. ನಿಮ್ಮ ಕಣ್ಣೇ ಹೇಳುತ್ತದೆ. ಮಳೆಗಾಲದ ಬೆಳಗಾವಿಯಲ್ಲಿ ಪಶ್ಚಿಮದ ಗಾಳಿಯನ್ನೂ ಲೆಕ್ಕಕ್ಕೆ ತಗೊಳ್ಳಬೇಕು, ದೂರದ ಎಸೆತವನ್ನು ಅದು ಒಂದು ಗೇಣು ಸರಿಸುತ್ತದೆ. ಚಳಿಗಾಲದ ಬೆಳಗಿನ ಪಂದ್ಯವಾದರೆ ಇಬ್ಬನಿ ಬಿದ್ದು ನೆಲ ಜಾರುತ್ತದೆ. ವಿಜಯಪುರದಲ್ಲಿ ನಾನು ನೋಡಿದ ತೊಂದರೆ ಬೇರೆ. ಅಲ್ಲಿ ಧೂಳು. ಆಟಗಾರರು ಎರಡು ನಿಮಿಷಕ್ಕೊಮ್ಮೆ ಒದ್ದೆ ಬಟ್ಟೆಯ ಮೇಲೆ ಶೂ ಒರೆಸಿಕೊಳ್ಳುತ್ತಿದ್ದರು.

ಇನ್ನೊಂದು ಪ್ರಶ್ನೆಯನ್ನು ಕಾಲೇಜಿನ ಫಿಜಿಕಲ್ ಡೈರೆಕ್ಟರ್ ಸರ್ ಹತ್ತಿರ ತಪ್ಪದೆ ಕೇಳಿ: "ಸರ್, 24 ಸೆಕೆಂಡಿನ ಗಡಿಯಾರ ಇರ್ತದೇನ್ರಿ?" ನಿಯಮದಲ್ಲಿ ಅದು ಇದೆ. ಚೆಂಡು ಸಿಕ್ಕ ತಂಡ 24 ಸೆಕೆಂಡಿನೊಳಗೆ ಎಸೆಯಬೇಕು, 8 ಸೆಕೆಂಡಿನೊಳಗೆ ಅರ್ಧ ಗೆರೆ ದಾಟಬೇಕು. ಆದರೆ ಆ ಗಡಿಯಾರ ಇಲ್ಲದ ಕೋರ್ಟಿನಲ್ಲಿ ಟೇಬಲ್ ಹತ್ತಿರ ಕೂತವರು ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ನೋಡಬೇಕಾಗುತ್ತದೆ, ಕೆಲವೊಮ್ಮೆ ಅದೂ ಸಡಿಲ. ಆಗ ನಿಧಾನವಾಗಿ ಆಡುವ ತಂಡಕ್ಕೆ ದೊಡ್ಡ ಲಾಭ. ಆ ಗಡಿಯಾರ ಇದ್ದರೆ ಒಂದು ಮುನ್ನೋಟ, ಇಲ್ಲದಿದ್ದರೆ ಇನ್ನೊಂದು. ಅಷ್ಟು ವ್ಯತ್ಯಾಸ ಇದೆ.

ಫೋನಿನಲ್ಲಿ ಅಮೆರಿಕದ ಕಾಲೇಜು ಪಂದ್ಯಗಳ ಮುನ್ನೋಟ ಓದಿ ಅದೇ ರೀತಿ ಬರೆಯಲು ಹೋಗುವವರು ಇಲ್ಲೇ ಎಡವುತ್ತಾರೆ. ಅಲ್ಲಿ ಗಂಡು ಮಕ್ಕಳ ಕಾಲೇಜು ಪಂದ್ಯ 20 ನಿಮಿಷದ ಎರಡು ಅರ್ಧಗಳು, ಎಸೆಯಲು 30 ಸೆಕೆಂಡ್. ನಮ್ಮದು 10 ನಿಮಿಷದ ನಾಲ್ಕು ಕ್ವಾರ್ಟರ್. ಒಂದು ಕ್ವಾರ್ಟರ್‌ನಲ್ಲಿ ತಂಡದ ಐದನೇ ಫೌಲ್‌ನಿಂದ ಎದುರಾಳಿಗೆ ಎರಡು ಫ್ರೀ ಥ್ರೋ ಸಿಗುತ್ತದೆ, ಮುಂದಿನ ಕ್ವಾರ್ಟರ್‌ಗೆ ಆ ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ಹಾಗಾಗಿ ಅಲ್ಲಿನ ಫೌಲ್ ಲೆಕ್ಕದ ಮಾತನ್ನು ಇಲ್ಲಿಗೆ ಎತ್ತಿ ತಂದರೆ ಪೂರಾ ತಪ್ಪಾಗುತ್ತದೆ.

ನೋಟ್‌ಬುಕ್ಕಿನ ಲೆಕ್ಕ

ಎರಡೂ ತಂಡಗಳನ್ನು ಒಂದೊಂದು ಪಂದ್ಯದಲ್ಲಾದರೂ ನಿಮ್ಮ ಕಣ್ಣಾರೆ ನೋಡಿ. ಬೇರೆಯವರು ಹೇಳಿದ್ದನ್ನು ಬರೆಯಬೇಡಿ. ಎರಡು ಪಂದ್ಯ ನೋಡಿದರೆ ಇನ್ನೂ ಚಲೋ. ಪಂದ್ಯ ಸಿಗದಿದ್ದರೆ ಅಭ್ಯಾಸ ನೋಡಿ, ಆದರೆ ಅನುಮತಿ ಕೇಳಿಕೊಂಡು ಹೋಗಿ. ಅಭ್ಯಾಸದಲ್ಲಿ ಕಂಡ ಹೊಸ ಆಟದ ಯೋಜನೆಯನ್ನು ಹಾಳೆಯಲ್ಲಿ ಬಯಲು ಮಾಡಬೇಡಿ. ಅದು ಅವರ ದುಡಿಮೆ.

ನೋಟ್‌ಬುಕ್ಕಿನಲ್ಲಿ ನಾನು ಅಡ್ಡ ಗೆರೆ ಹೊಡೆದು ಎಣಿಸುವುದು ಇಷ್ಟು: ಎಷ್ಟು ಸಲ ಎಸೆದರು, ಎಷ್ಟು ಬಿತ್ತು, ಬಿದ್ದದ್ದರಲ್ಲಿ ಮೂರು ಪಾಯಿಂಟಿನವು ಎಷ್ಟು, ಫ್ರೀ ಥ್ರೋ ಎಷ್ಟು ಸಿಕ್ಕವು, ಎಷ್ಟು ಬಿದ್ದವು, ತಮ್ಮದೇ ತಪ್ಪಿದ ಎಸೆತವನ್ನು ತಾವೇ ಎಷ್ಟು ಸಲ ಹಿಡಿದರು, ಎಸೆಯದೆಯೇ ಎಷ್ಟು ಸಲ ಚೆಂಡು ಕಳಕೊಂಡರು. ತಪ್ಪಿದ ಎಸೆತ ಹಿಡಿಯುವುದಕ್ಕೆ ರಿಬೌಂಡ್, ಕೊನೆಯದಕ್ಕೆ ಟರ್ನೋವರ್ ಅನ್ನುತ್ತಾರೆ. ಡೀನ್ ಆಲಿವರ್ ಎನ್ನುವ ಅಮೆರಿಕದ ಲೆಕ್ಕಿಗರು ಗೆಲುವಿನ ಬೇರು ನಾಲ್ಕು ಕಡೆ ಇದೆ ಎಂದು ತೋರಿಸಿದರು: ಎಸೆತ, ಟರ್ನೋವರ್, ರಿಬೌಂಡ್, ಫ್ರೀ ಥ್ರೋ. ತೂಕವೂ ಅದೇ ಕ್ರಮದಲ್ಲಿ. ನನ್ನ ಎಣಿಕೆಯೂ ಅದನ್ನೇ ಹಿಡಿದು ನಡೆಯುತ್ತದೆ. ಒಬ್ಬರಿಗೆ ಇಷ್ಟೆಲ್ಲ ಎಣಿಸುವುದು ಕಷ್ಟ ಆದರೆ ಇಬ್ಬರು ಕೂತುಕೊಳ್ಳಿ, ಒಬ್ಬರಿಗೆ ಒಂದು ತಂಡ.

ಈ ಸಲದ ನನ್ನ ನೋಟ್‌ಬುಕ್ಕಿನಿಂದಲೇ ತೋರಿಸುತ್ತೇನೆ. ಇಬ್ಬರೂ ಒಂದೇ ವಾರದಲ್ಲಿ, ಬೇರೆ ಬೇರೆ ದಿನ, ಒಂದೇ ಮೂರನೇ ಕಾಲೇಜಿನ ಮೇಲೆ ಆಡಿದ್ದರು. ಆಚೆಯವರು 56 ಪಾಯಿಂಟ್ ಗಳಿಸಿದರು, ಈಚೆಯವರು 52. ಅಂಗಡಿಯಲ್ಲಿ ಎಲ್ಲರೂ "ಆಚೆಯವ್ರ ಅಟ್ಯಾಕ್ ಜೋರ್ ಐತಿ" ಅಂದರು. ಈಗ ಒಳಗೆ ನೋಡೋಣ.

ಆಚೆಯವರು 58 ಸಲ ಎಸೆದು 22 ಹಾಕಿದ್ದರು, ಅದರಲ್ಲಿ 4 ಮೂರು ಪಾಯಿಂಟಿನವು. ಫ್ರೀ ಥ್ರೋ 16ಕ್ಕೆ 8. ತಮ್ಮ ತಪ್ಪಿದ ಎಸೆತ ಹಿಡಿದದ್ದು 10 ಸಲ. ಟರ್ನೋವರ್ 19. ಈಚೆಯವರು 50 ಎಸೆದು 19 ಹಾಕಿದ್ದರು, 5 ಮೂರು ಪಾಯಿಂಟಿನವು. ಫ್ರೀ ಥ್ರೋ 12ಕ್ಕೆ 9. ರಿಬೌಂಡ್ 6, ಟರ್ನೋವರ್ 12.

ಈಗ ಒಂದೊಂದು ತಂಡಕ್ಕೆ ಚೆಂಡು ಎಷ್ಟು ಸಲ ಸಿಕ್ಕಿತು ಅಂತ ಕಂಡುಹಿಡಿಯಬೇಕು. ಇದಕ್ಕೆ ಪೊಸೆಷನ್ ಅನ್ನುತ್ತಾರೆ. ಒಟ್ಟು ಎಸೆತಕ್ಕೆ ಟರ್ನೋವರ್ ಕೂಡಿಸಿ, ಹಿಡಿದ ರಿಬೌಂಡ್ ಕಳೆಯಿರಿ, ಯಾಕೆಂದರೆ ರಿಬೌಂಡ್ ಹಿಡಿದಾಗ ಅದೇ ಪೊಸೆಷನ್ ಮುಂದುವರಿಯುತ್ತದೆ. ಕೊನೆಗೆ ಫ್ರೀ ಥ್ರೋ ಸಂಖ್ಯೆಯನ್ನು 0.44ರಿಂದ ಗುಣಿಸಿ ಕೂಡಿಸಿ. 0.44 ಯಾಕೆ? ಸಾಮಾನ್ಯವಾಗಿ ಎರಡು ಫ್ರೀ ಥ್ರೋ ಸೇರಿ ಒಂದು ಪೊಸೆಷನ್. ಆದರೆ ಬುಟ್ಟಿ ಬಿದ್ದ ಮೇಲೂ ಫೌಲ್ ಆಗಿದೆ ಅಂತ ಸಿಗುವ ಒಂಟಿ ಫ್ರೀ ಥ್ರೋ ಬೇರೆ ಪೊಸೆಷನ್ ಅಲ್ಲ. ಅದಕ್ಕೇ ಅರ್ಧಕ್ಕಿಂತ ಸ್ವಲ್ಪ ಕಡಿಮೆ.

ಆಚೆಯವರಿಗೆ 58ಕ್ಕೆ 19 ಕೂಡಿ, 10 ಕಳೆದು, 7 ಕೂಡಿದರೆ 74. ಈಚೆಯವರಿಗೆ 50ಕ್ಕೆ 12 ಕೂಡಿ, 6 ಕಳೆದು, 5 ಕೂಡಿದರೆ 61. ಅಂದರೆ 56 ಪಾಯಿಂಟಿಗೆ ಆಚೆಯವರು 74 ಸಲ ಚೆಂಡು ಹಿಡಿದರು. 52ಕ್ಕೆ ಈಚೆಯವರಿಗೆ 61 ಸಲ ಸಾಕಾಯಿತು. ನೂರು ಸಲಕ್ಕೆ ಲೆಕ್ಕ ಹಾಕಿದರೆ ಆಚೆಯವರದು ಸುಮಾರು 76, ಈಚೆಯವರದು 85. ಕಡಿಮೆ ಪಾಯಿಂಟ್ ಗಳಿಸಿದ ತಂಡವೇ ಚೆಂಡನ್ನು ಚೆನ್ನಾಗಿ ಬಳಸಿತ್ತು! ಆಚೆಯವರು ನಾಲ್ಕು ಸಲಕ್ಕೆ ಒಂದು ಸಲ ಚೆಂಡು ಕಳಕೊಂಡಿದ್ದರು, ಈಚೆಯವರು ಐದು ಸಲಕ್ಕೆ ಒಂದು ಸಲ. ಮೊದಲ ಸಲ ಈ ಲೆಕ್ಕ ಹಾಕಿದ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ. ಇಷ್ಟು ವರ್ಷ ಆಡಿ, ಇಷ್ಟು ವರ್ಷ ನೋಡಿ, ನಾನು ಬರೀ ಸ್ಕೋರ್‌ಬೋರ್ಡನ್ನು ನೋಡುತ್ತಿದ್ದೆ ಅನ್ನಿಸಿತ್ತು.

ಎಸೆತದ ಲೆಕ್ಕಕ್ಕೂ ಒಂದು ಸಣ್ಣ ತಿದ್ದುಪಡಿ ಬೇಕು. ಮೂರು ಪಾಯಿಂಟಿನ ಬುಟ್ಟಿಯನ್ನು ಒಂದೂವರೆ ಬುಟ್ಟಿ ಅಂತ ಎಣಿಸಿ. ಆಚೆಯವರದು 22ಕ್ಕೆ 2 ಕೂಡಿ 24, ಅದನ್ನು 58ರಿಂದ ಭಾಗಿಸಿದರೆ ನೂರಕ್ಕೆ 41. ಈಚೆಯವರದು 21.5ನ್ನು 50ರಿಂದ ಭಾಗಿಸಿದರೆ 43. ಇಲ್ಲಿ ಇಬ್ಬರೂ ಹತ್ತಿರ ಹತ್ತಿರ. ಹಾಗಾದರೆ ಈ ಪಂದ್ಯವನ್ನು ಎಸೆತ ತೀರ್ಮಾನಿಸುವುದು ಕಷ್ಟ. ಟರ್ನೋವರ್ ಮತ್ತು ಫ್ರೀ ಥ್ರೋ ಕಡೆ ನೋಡಬೇಕು. ಓದುವವರಿಗೆ ಈ ಅಂಕಿ ಎಲ್ಲಾ ಬೇಡ. ಲೆಕ್ಕ ನಿಮ್ಮ ನೋಟ್‌ಬುಕ್ಕಿನಲ್ಲಿ ಇರಲಿ, ಹಾಳೆಗೆ ಅದರಿಂದ ಹೊರಬಂದ ಒಂದೋ ಎರಡೋ ಸಾಲು ಹೋಗಲಿ. ಒಂದು ಪಂದ್ಯದ ಲೆಕ್ಕ ಇದು ಅಂತ ಮಾತ್ರ ಹಾಳೆಯಲ್ಲಿ ಹೇಳಲೇಬೇಕು.

ಫ್ರೀ ಥ್ರೋ ಬಗ್ಗೆ ಒಂದು ಮಾತು. ಅಭ್ಯಾಸದ ಕೊನೆಗೆ, ಓಡಿ ಓಡಿ ದಣಿದ ಮೇಲೆ ಹಾಕುವ ಫ್ರೀ ಥ್ರೋಗಳನ್ನು ಎಣಿಸಿ. ಬೆಳಿಗ್ಗೆ ತಾಜಾ ಇದ್ದಾಗ ಎಲ್ಲರ ಕೈಯೂ ಚಲೋ ಇರುತ್ತದೆ. 2017ರ ಜುಲೈಯಲ್ಲಿ ಬೆಂಗಳೂರಿನ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳಾ ಏಷ್ಯಾ ಕಪ್‌ನ ಬಿ ವಿಭಾಗದ ಫೈನಲ್ ನಡೆಯಿತು. ಭಾರತದ ಹುಡುಗಿಯರು ಕಜಕಸ್ತಾನವನ್ನು 75–73ರಿಂದ ಸೋಲಿಸಿದರು. ಎರಡು ಪಾಯಿಂಟ್! ಅಂಥ ಪಂದ್ಯದಲ್ಲಿ ಯಾರೂ ತಡೆಯದೆ 4.6 ಮೀಟರಿನಿಂದ ಎಸೆಯುವ ಒಂದು ಫ್ರೀ ಥ್ರೋ ತಪ್ಪಿದರೂ ಕಥೆ ಬೇರೆ ಆಗುತ್ತದೆ.

ಯಾರ ಎದುರು ಯಾರು

ಇಲ್ಲಿ ತಂಡದ ಸ್ಟಾರ್ ಹೆಸರು ಬರೆದು ಮುಗಿಸುವವರು ಜಾಸ್ತಿ. ಸ್ಟಾರ್ ಯಾರು ಅಂತ ಓದುವವರಿಗೆ ಮೊದಲೇ ಗೊತ್ತು. ಅವನನ್ನು ಕಾಯುವವನು ಯಾರು? ಅದು ಗೊತ್ತಿಲ್ಲ. ಅದನ್ನು ಬರೆಯಿರಿ.

ಆಚೆಯವರದು ಪ್ರೆಸ್ ಆಟ. ಎದುರಾಳಿ ಚೆಂಡು ಒಳಗೆ ಎಸೆಯುವಾಗಲೇ ಇಬ್ಬರು ಮೈಮೇಲೆ ಬೀಳುತ್ತಾರೆ. ಈಚೆಯವರದು ಝೋನ್, ಅಂದರೆ ಒಬ್ಬೊಬ್ಬರು ಒಂದೊಂದು ಜಾಗ ಕಾಯುವುದು: ಮುಂದೆ ಇಬ್ಬರು, ಹಿಂದೆ ಮೂವರು. ಹೀಗಿರುವಾಗ ನೋಡಬೇಕಾದ್ದು ಈಚೆಯವರಲ್ಲಿ ಚೆಂಡನ್ನು ಮುಂದಕ್ಕೆ ತರುವ ಪಾಯಿಂಟ್ ಗಾರ್ಡ್‌ನ ಎಡಗೈ. ಪ್ರೆಸ್ ಮಾಡುವವರು ಅವನನ್ನು ಬಲಗೈ ಕಡೆ ಬಿಡದೆ ಎಡಕ್ಕೆ ತಳ್ಳುತ್ತಾರೆ, ಸೈಡ್ ಗೆರೆಯ ಮೂಲೆಗೆ ಸಿಕ್ಕಿಸುತ್ತಾರೆ. ಅಲ್ಲಿಂದ ನಡುವೆ ನಿಂತ ಎತ್ತರದ ಹುಡುಗನಿಗೆ ಪಾಸ್ ಕೊಟ್ಟರೆ ಪ್ರೆಸ್ ಒಡೆಯಿತು. ಕೊಡದಿದ್ದರೆ ಆಚೆಯವರಿಗೆ ಲೇಅಪ್ ಖಂಡಿತ. ಮೊದಲ ಐದು ನಿಮಿಷದಲ್ಲಿ ಆ ಪಾಸ್ ಎಷ್ಟು ಸಲ ಸರಿ ಹೋಯಿತು ಅಂತ ಎಣಿಸಿರಿ ಎಂದು ನಾನು ಓದುವವರಿಗೆ ಬರೆಯುತ್ತೇನೆ. ಚಿಕ್ಕ ಹುಡುಗರು ಬೆರಳು ಮಡಚಿ ಎಣಿಸುತ್ತಾ ನಿಂತಿದ್ದನ್ನು ನೋಡಿದ್ದೇನೆ. ಆಗ ಆಗುವ ಖುಷಿಯನ್ನು ಹೇಗೆ ಹೇಳಲಿ.

ಬೆಂಚನ್ನು ಮರೆಯಬೇಡಿ. ಎರಡನೇ ಕ್ವಾರ್ಟರ್‌ನಲ್ಲಿ ಯಾರು ಆಡುತ್ತಾರೆ ಅನ್ನೋದನ್ನು ನೋಡಿ. ಪ್ರೆಸ್ ಆಡುವ ತಂಡಕ್ಕೆ ಎಂಟು ಒಂಬತ್ತು ಜನ ಬೇಕು, ಐದು ಜನರಿಂದ 40 ನಿಮಿಷ ಅದು ಆಗುವುದಿಲ್ಲ. ಐದನೇ ಫೌಲ್‌ಗೆ ಆಟಗಾರ ಹೊರಗೆ ಹೋಗುತ್ತಾನೆ. ಮೈಮೇಲೆ ಬಿದ್ದು ಆಡುವವರಿಗೆ ಫೌಲ್ ಬೇಗ ಬರುತ್ತದೆ. ಆಚೆಯವರ ಹಿಂದಿನ ಸ್ಕೋರ್‌ಶೀಟ್‌ಗಳಲ್ಲಿ ಅರ್ಧ ಆಟಕ್ಕೇ ಮೂರು ಫೌಲ್ ಆದವರು ಯಾರು ಅಂತ ನೋಡಿದರೆ ನಾಲ್ಕನೇ ಕ್ವಾರ್ಟರ್‌ನ ಅರ್ಧ ಚಿತ್ರ ಸಿಗುತ್ತದೆ.

ಹಳೆಯ ಜಿದ್ದನ್ನು ಎಷ್ಟು ಬರೆಯಬೇಕು

ಎರಡು ಸಾಲು ಸಾಕು. ಅದನ್ನೂ ಸ್ಕೋರ್‌ಶೀಟ್ ನೋಡಿಯೇ ಬರೆಯಿರಿ. ಹಿರಿಯರ ನೆನಪಿನಲ್ಲಿ ಎರಡು ಪಾಯಿಂಟಿನ ಸೋಲು ಹತ್ತು ವರ್ಷದಲ್ಲಿ ಅಂಪೈರ್ ಮೋಸ ಆಗಿಬಿಟ್ಟಿರುತ್ತದೆ.

ಕಳೆದ ಸಲದ ಅಂತರವನ್ನು ನೋಡಿ ಈ ಸಲದ್ದನ್ನು ಹೇಳಲು ಹೋಗಬೇಡಿ. ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದಲ್ಲಿ ಡ್ಯೂಕ್ ಮತ್ತು ನಾರ್ತ್ ಕ್ಯಾರೊಲೈನಾ ಎಂಬ ಎರಡು ವಿಶ್ವವಿದ್ಯಾಲಯಗಳಿವೆ. ನಡುವೆ ಸುಮಾರು 16 ಕಿಲೋಮೀಟರ್, ಇಲ್ಲಿಂದ ಸಾಂಬ್ರಾ ದಾಟಿ ಸ್ವಲ್ಪ ಮುಂದೆ ಹೋದಷ್ಟು. ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಅವರ ಜಿದ್ದು ಎಲ್ಲರಿಗೂ ಗೊತ್ತು. 2022ರ ಫೆಬ್ರವರಿ 5ರಂದು ಡ್ಯೂಕ್ ಎದುರಾಳಿಯ ಅಂಗಳಕ್ಕೇ ಹೋಗಿ 87–67ರಿಂದ ಗೆದ್ದಿತು. ಒಂದೇ ತಿಂಗಳಿಗೆ, ಮಾರ್ಚ್ 5ರಂದು, ಡ್ಯೂಕ್‌ನ ಹಿರಿಯ ಕೋಚ್ ಮೈಕ್ ಶಶೆಫ್‌ಸ್ಕಿ (ಎಲ್ಲರ ಬಾಯಲ್ಲಿ ಕೋಚ್ ಕೆ) ಅವರ ಮನೆಯಂಗಳದ ಕೊನೆಯ ಪಂದ್ಯ. ನಾರ್ತ್ ಕ್ಯಾರೊಲೈನಾ ಅಲ್ಲಿ 94–81ರಿಂದ ಗೆದ್ದಿತು. ಏಪ್ರಿಲ್ 2ರಂದು ರಾಷ್ಟ್ರೀಯ ಸೆಮಿಫೈನಲ್‌ನಲ್ಲಿ ಮತ್ತೆ ಎದುರಾದರು, 81–77ರಿಂದ ಮತ್ತೆ ನಾರ್ತ್ ಕ್ಯಾರೊಲೈನಾ. ಅದೇ ಕೋಚ್ ಕೆ ಅವರ ಕೊನೆಯ ಪಂದ್ಯವೂ ಆಯಿತು. ಆ ಪಂದ್ಯದ ಕೊನೆಯ ನಿಮಿಷದಲ್ಲಿ ಡ್ಯೂಕ್‌ನ ಆಟಗಾರನೊಬ್ಬ ಎರಡು ಫ್ರೀ ಥ್ರೋ ತಪ್ಪಿಸಿದ. ಫೆಬ್ರವರಿಯ 20 ಪಾಯಿಂಟ್ ನೋಡಿ ಮುನ್ನೋಟ ಬರೆದವರ ಹಾಳೆ ಮಾರ್ಚ್‌ನಲ್ಲಿ ಏನಾಗಿರಬೇಕು ಯೋಚಿಸಿ.

ಬರೆಯಬಾರದ್ದು

ನನ್ನ ಎರಡನೇ ವರ್ಷದ ಹಾಳೆಯಲ್ಲಿ ಒಂದು ತಪ್ಪು ಮಾಡಿದೆ. ಈಚೆಯವರ ಹುಡುಗಿಯರ ತಂಡದ ಒಬ್ಬ ಆಟಗಾರ್ತಿ ಅಂಗಡಿಗೆ ಬಂದಿದ್ದಳು. ಸ್ವಲ್ಪ ಕುಂಟುತ್ತಿದ್ದಳು. ಕೇಳಿದೆ, ಎಡಗಾಲಿನ ಕೀಲು ಉಳುಕಿದೆ ಅಂದಳು. ಮರುದಿನ ಹಾಳೆಯಲ್ಲಿ ಅದನ್ನು ಬರೆದೆ. ಒಳ್ಳೆಯ ಸುದ್ದಿ ಸಿಕ್ಕಿದೆ ಅಂದುಕೊಂಡಿದ್ದೆ. ಪಂದ್ಯದಲ್ಲಿ ಎದುರಾಳಿಗಳು ಪ್ರತಿ ಸಲವೂ ಅವಳ ಎಡಗಡೆಯಿಂದಲೇ ನುಗ್ಗಿದರು. ಮೂರನೇ ಕ್ವಾರ್ಟರ್‌ನಲ್ಲಿ ಅವಳನ್ನು ಎತ್ತಿಕೊಂಡು ಹೊರಗೆ ತಂದರು. ಎರಡು ವಾರ ಬಿಟ್ಟು ನೋಟ್ಸ್ ಝೆರಾಕ್ಸ್ ಮಾಡಿಸಲು ಬಂದಾಗ ಮೆಲ್ಲಗೆ ಅಂದಳು: "ಅಕ್ಕಾ, ನಿಮಗ ಅಂಗಡ್ಯಾಗ ಹೇಳಿದ್ದೆ, ಹಾಳಿಗಿ ಹೇಳಿದ್ದಿಲ್ಲ." ನಾನು ಅವಳ ಕೈ ಹಿಡಿದು ತಪ್ಪಾಯಿತು ಅಂದೆ. ಇವತ್ತಿಗೂ ಅದು ನನ್ನ ಮನಸ್ಸಿನಲ್ಲಿ ಚುಚ್ಚುತ್ತದೆ.

ಅವತ್ತಿನಿಂದ ನನ್ನ ನಿಯಮ ಇದು. ಕೋರ್ಟಿನಲ್ಲಿ ಎಲ್ಲರಿಗೂ ಕಂಡದ್ದನ್ನು ಮಾತ್ರ ಬರೆಯುತ್ತೇನೆ. ಗಾಯ, ಮನೆಯ ತೊಂದರೆ, ಪರೀಕ್ಷೆಯ ಮಾರ್ಕ್ಸು, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಇದಾವುದೂ ಹಾಳೆಗೆ ಬರುವುದಿಲ್ಲ. ಆಟಗಾರ ಆಡುವುದಿಲ್ಲ ಅಂತ ತಂಡದವರೇ ಹೇಳಿದ್ದರೆ ಅಷ್ಟನ್ನೇ ಬರೆಯುತ್ತೇನೆ, ಕಾರಣ ಬರೆಯುವುದಿಲ್ಲ. ಇವರು ಹತ್ತೊಂಬತ್ತು ಇಪ್ಪತ್ತು ವರ್ಷದ ಮಕ್ಕಳು. ಅವರ ಅಪ್ಪ ಅಮ್ಮ ಕೂಡ ಆ ಶಟರಿನ ಮುಂದೆ ನಿಂತು ಓದುತ್ತಾರೆ.

ಹೆಸರುಗಳನ್ನು ಅವರವರ ಹತ್ತಿರವೇ ಕೇಳಿ ಬರೆದುಕೊಳ್ಳಿ. ಬೆಳಗಾವಿಯಲ್ಲಿ ಕನ್ನಡ, ಮರಾಠಿ, ಉರ್ದು ಮನೆಮಾತಿನ ಮಕ್ಕಳು ಒಂದೇ ತಂಡದಲ್ಲಿ ಇರುತ್ತಾರೆ. ಹೆಸರು ತಪ್ಪಾಗಿ ಬಿದ್ದರೆ ನೋವಾಗುತ್ತದೆ. ಹೆಸರಿನ ಪಕ್ಕ ಜರ್ಸಿ ನಂಬರ್ ಹಾಕಿ, ದೂರ ನಿಂತವರಿಗೆ ಅದೇ ಗುರುತು. ಹುಡುಗಿಯರ ಪಂದ್ಯವೂ ಅದೇ ದಿನ ಇದ್ದರೆ ಅದಕ್ಕೂ ಅಷ್ಟೇ ಜಾಗ ಕೊಡಿ. ಅದಕ್ಕಾಗಿ ನಾನು ಹಾಳೆಯ ಎರಡು ಬದಿ ಬಳಸದೆ ಎರಡು ಹಾಳೆ ಅಂಟಿಸುತ್ತೇನೆ. ಗೋಡೆಗೆ ಅಂಟಿಸಿದ ಹಾಳೆಯ ಹಿಂಬದಿಯನ್ನು ಯಾರು ಓದುತ್ತಾರೆ?

ಹಾಳೆ ಹೀಗಿರಲಿ

ಈ ಶನಿವಾರದ ಹುಡುಗರ ಪಂದ್ಯಕ್ಕೆ ನಾನು ಬರೆದದ್ದನ್ನು, ಹೆಸರು ತೆಗೆದು, ಇಲ್ಲಿ ಕೊಡುತ್ತೇನೆ.

"ಶನಿವಾರ ಸಂಜೆ 4 ಗಂಟೆ, ಈಚೆಯವರ ಕೋರ್ಟು. ಆಚೆಯವರು ಓಡಿಸುತ್ತಾರೆ, ಈಚೆಯವರು ನಿಲ್ಲಿಸುತ್ತಾರೆ. ಯಾರ ವೇಗಕ್ಕೆ ಆಟ ನಡೆಯುತ್ತದೋ ಅವರಿಗೇ ಪಂದ್ಯ ಒಲಿಯಬಹುದು.

ಮೊದಲ ಐದು ನಿಮಿಷ ಈಚೆಯವರ 7ನೇ ನಂಬರನ್ನು ನೋಡಿ. ಪ್ರೆಸ್ ಬಿದ್ದಾಗ ಅವನು ನಡುವೆ ನಿಂತ 12ನೇ ನಂಬರಿಗೆ ಪಾಸ್ ಕೊಡುತ್ತಾನಾ? ಮೂರು ಸಲ ಸರಿಯಾಗಿ ಕೊಟ್ಟರೆ ಆಚೆಯವರು ಪ್ರೆಸ್ ಬಿಟ್ಟು ಹಿಂದೆ ಸರಿಯಬೇಕಾದೀತು.

ನಾನು ನೋಡಿದ ಒಂದು ಪಂದ್ಯದಲ್ಲಿ ಆಚೆಯವರು 16 ಫ್ರೀ ಥ್ರೋದಲ್ಲಿ 8 ಹಾಕಿದರು, ಈಚೆಯವರು 12ರಲ್ಲಿ 9. ಪಂದ್ಯ ಕೊನೆಯ ತನಕ ಹತ್ತಿರ ಇದ್ದರೆ ಇದು ನೆನಪಿರಲಿ.

ಈ ಕೋರ್ಟಿನ ಮೂರು ಪಾಯಿಂಟಿನ ಗೆರೆ 6.25 ಮೀಟರ್. ಇಲ್ಲಿನ ಶೂಟರ್‌ಗಳಿಗೆ ಇದು ಪರಿಚಯದ ದೂರ. 24 ಸೆಕೆಂಡಿನ ಗಡಿಯಾರ ಈ ಸಲ ಇದೆ, ಇದು ಆಚೆಯವರಿಗೆ ಅನುಕೂಲ. ಮೂರನೇ ಕ್ವಾರ್ಟರ್‌ನಲ್ಲಿ ಪಶ್ಚಿಮದ ರಿಂಗಿಗೆ ಎಸೆಯುವವರ ಕಣ್ಣಿಗೆ ಬಿಸಿಲು ಇರುತ್ತದೆ.

ಆಚೆಯವರು 15ಕ್ಕಿಂತ ಕಡಿಮೆ ಸಲ ಚೆಂಡು ಕಳಕೊಂಡರೆ ಗೆಲುವು ಅವರದ್ದು ಅಂತ ನನ್ನ ಅಂದಾಜು. ಇಲ್ಲದಿದ್ದರೆ ಈಚೆಯವರು, ಆರು ಪಾಯಿಂಟಿನ ಒಳಗೆ."

ಇಷ್ಟೇ. ಓದಲು ಎರಡು ನಿಮಿಷ ಸಾಕು. ಕೊನೆಯ ಸಾಲು ನೋಡಿದಿರಾ? ಅಂದಾಜು ಹೇಳಲೇಬೇಕು, ಹೇಳದೆ ಜಾರಿಕೊಂಡರೆ ಓದಿದವರಿಗೆ ಮೋಸ. ಆದರೆ "ಹೀಗಾದರೆ" ಅನ್ನುವ ಷರತ್ತಿನ ಜೊತೆ ಹೇಳಿ. ಆಗ ನೋಡುವವರು ಆ ಷರತ್ತನ್ನೇ ಹಿಡಿದು ಪಂದ್ಯ ನೋಡುತ್ತಾರೆ. ನಾನು ಈಚೆಯವರ ಕಾಲೇಜಿನಲ್ಲೇ ಓದಿದವಳು, ಅದನ್ನೂ ಹಾಳೆಯ ಕೆಳಗೆ ಒಂದು ಸಾಲಿನಲ್ಲಿ ಬರೆಯುತ್ತೇನೆ. ಬರೆದು ಮುಗಿಸಿದ ಮೇಲೆ ಆಚೆಯ ಕಾಲೇಜಿನ ಒಬ್ಬರಿಗೆ ಓದಿಸುತ್ತೇನೆ. ಅವರು "ಇದು ಸರಿ ಐತ್ರಿ ಅಕ್ಕಾ" ಅಂದರೆ ಮಾತ್ರ ಅಂಟು ಹಚ್ಚುವುದು.

ಅಂಟಿಸಲು ಶುಕ್ರವಾರ ಸಂಜೆ ಆರು ಗಂಟೆ ಸರಿಯಾದ ಹೊತ್ತು. ಕಾಲೇಜು ಬಿಟ್ಟವರು, ಕ್ಲಾಸಿಗೆ ಹೋಗುವವರು, ಗೇಟು ಬಿದ್ದು ರೈಲಿಗೆ ಕಾಯುವವರು ಎಲ್ಲರೂ ಓದುತ್ತಾರೆ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಹಾಕಿ, ಬಾಯಿ ಕೆಳಗೆ ಮಾಡಿ ಅಂಟಿಸಿ, ಮೇಲೆ ಮಾಡಿದರೆ ನೀರು ಇಳಿಯುತ್ತದೆ. ಪಂದ್ಯ ಮುಗಿದ ಮೇಲೆ ಹಾಳೆ ಕೀಳಬೇಡಿ. ಭಾನುವಾರ ಬೆಳಿಗ್ಗೆ ಕೆಂಪು ಪೆನ್ನಿನಲ್ಲಿ ನಿಜವಾದ ಟರ್ನೋವರ್ ಎಷ್ಟು, ಫ್ರೀ ಥ್ರೋ ಎಷ್ಟು, ನನ್ನ ಅಂದಾಜು ಎಲ್ಲಿ ತಪ್ಪಿತು ಅಂತ ಅದೇ ಹಾಳೆಯ ಅಂಚಿನಲ್ಲಿ ಬರೆಯುತ್ತೇನೆ. ಎಣಿಸಲು ಬೇಕಾದ ಖಾಲಿ ಪಟ್ಟಿ ಅಂಗಡಿಯಲ್ಲಿ ಇಟ್ಟಿದ್ದೇನೆ, ಶನಿವಾರ ಮೂರು ಗಂಟೆಯೊಳಗೆ ಬಂದು ತಗೊಂಡು ಹೋಗಿ, ದುಡ್ಡು ಬೇಡ. ಪೆನ್ಸಿಲ್ ಮಾತ್ರ ನೀವೇ ತನ್ನಿ, ಎರಡು ತನ್ನಿ.